ಕೊಡವಿಳಿಸಿದ ದಿಣ್ಣೆ

ದುರ್ಗದ ಸೀಮೆಯ ಮೂಡಲ ಅಂಚಿನಲ್ಲಿರುವ ಸೂಜಿಕಲ್ಲಹಟ್ಟಿಗೆ ಹೊಸದಾಗಿ ಬಂದವರ ಕಣ್ಣು ಮೊದಲು ಹೋಗುವುದು ಊರ ಹಿಂದಿನ ದಿಣ್ಣೆಯ ಕಡೆಗೆ. ಗುಡ್ಡವೆಂದು ಕರೆಸಿಕೊಳ್ಳುವಷ್ಟು ಅದು ಎತ್ತರವಿಲ್ಲ. ಮುದುಕರೂ ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಿಬಿಡುತ್ತಾರೆ. ಸುತ್ತಲೂ ಜಾಲಿ, ಕಾರೆ, ತಂಗಡಿಯ ಪೊದೆಗಳು. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುವ ಕೆಂಪು ಮಣ್ಣು. ಅಂಥ ನೆಲದ ನೆತ್ತಿಯ ಮೇಲೆ, ಇಬ್ಬರು ಕೈಚಾಚಿ ತಬ್ಬಿದರೂ ತೆಕ್ಕೆಗೆ ಸಿಗದ ಒಂದು ಹಲಸಿನ ಮರ ನಿಂತಿದೆ. ಆ ಸುತ್ತಿನ ಇಪ್ಪತ್ತು ಹಳ್ಳಿಗಳಲ್ಲಿ ಇನ್ನೊಂದು ಹಲಸಿನ ಮರವಿಲ್ಲ. ಕೆಳಗಿನ ಕೆರೆಯಿಂದ ಮರದ ಬುಡಕ್ಕೆ ಹೋಗುವ ಕಾಲುದಾರಿಯ ನಡುಮಧ್ಯದಲ್ಲಿ ಸೊಂಟದೆತ್ತರದ ಒಂದು ಚಪ್ಪಟೆ ಬಂಡೆಯಿದೆ. ಅದರ ಮೇಲೆ ಕೊಡದ ತಳ ಕೂರುವಷ್ಟು ಅಗಲದ ಗುಂಡನೆಯ ಗುಳಿ. ಮಳೆ ಬಂದಾಗ ಅದರಲ್ಲಿ ನೀರು ನಿಂತು ಗುಬ್ಬಿಗಳು ಬಂದು ಕುಡಿಯುತ್ತವೆ. ಊರವರು ಈ ಜಾಗವನ್ನು ಕೊಡವಿಳಿಸಿದ ದಿಣ್ಣೆ ಎನ್ನುತ್ತಾರೆ. ಕೊಡ ಯಾರದು, ಇಳಿಸಿದವರು ಯಾರು ಎಂದು ಕೇಳಿದರೆ, ಕೆಲಸವಿದ್ದವರೂ ಕೆಲಸ ಬಿಟ್ಟು ಕೂತು ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೂ ಮುಗಿಯದೆ ಹೊಸ ಕಾಲವೂ ಸರಿಯಾಗಿ ಕಾಲೂರದೆ ಇದ್ದ ದಿನಗಳಲ್ಲಿ, ಈ ಊರಿನಲ್ಲಿ ಓಬಕ್ಕ ಎಂಬ ಹೆಣ್ಣುಮಗಳಿದ್ದಳಂತೆ. ಅವಳ ಹದಿನಾಲ್ಕನೆಯ ವಯಸ್ಸಿನಲ್ಲಿ ಊರಿಗೆ ಮಹಾಮಾರಿ ಬಂದು, ಒಂದೇ ವಾರದಲ್ಲಿ ತಂದೆತಾಯಿ ಇಬ್ಬರನ್ನೂ ಕೊಂಡೊಯ್ದಿತು. ಅವಳ ಪಾಲಿಗೆ ಉಳಿದದ್ದು ಮೂರೇ: ದಿಣ್ಣೆಯ ಮೇಲಿನ ತುಂಡು ಹೊಲ, ತಾಯಿಯ ತಾಮ್ರದ ಕೊಡ, ನಾಲ್ಕು ವರ್ಷದ ತಮ್ಮ ಪಾಲಯ್ಯ. ಇವುಗಳ ಜೊತೆಗೆ ತಂದೆ ತೀರಿಸದೆ ಹೋದ ಒಂದು ಹರಕೆಯೂ ಉಳಿದಿತ್ತು. ಓಬಕ್ಕನ ಬೆನ್ನಿಗೆ ಹುಟ್ಟಿದ ಮೂರು ಕೂಸುಗಳು ತೊಟ್ಟಿಲಲ್ಲೇ ಹೋದ ಮೇಲೆ, ನಾಲ್ಕನೆಯದು ಉಳಿದರೆ ಕಾಶಿಗೆ ನಡೆದುಹೋಗಿ ಬರುತ್ತೇನೆ ಎಂದು ಅವರಪ್ಪ ಕೈಮುಗಿದಿದ್ದನು. ನಾಲ್ಕನೆಯದು ಉಳಿಯಿತು, ಕೈಮುಗಿದವನು ಉಳಿಯಲಿಲ್ಲ. ಹುಡುಗ ಬೆಳೆದು ಗಂಡಾಳಾದ ಮೇಲೆ ಅಪ್ಪನ ಮಾತನ್ನು ಅವನೇ ತೀರಿಸಬೇಕು, ತೀರದ ಹರಕೆ ಮನೆಯ ಹೊಸ್ತಿಲಲ್ಲೇ ಕೂತಿರುತ್ತದೆ ಎಂದು ಊರ ಯಜಮಾನ ಬೊಮ್ಮಣ್ಣ ಆಗಲೇ ಹೇಳಿಬಿಟ್ಟನು.

ಪಾಲಯ್ಯನಿಗೆ ಏಳು ತುಂಬಿದ ವರ್ಷ, ಮಲೆಸೀಮೆಯಿಂದ ಹೇರೆತ್ತುಗಳ ಮೇಲೆ ಸರಕು ಹೊತ್ತು ಬಂದ ವ್ಯಾಪಾರಿಗಳು ಕೆರೆಯ ಏರಿಯ ಮೇಲೆ ತಂಗಿದರು. ಅವರ ಹತ್ತಿರ ಒಂದು ಹಲಸಿನ ಹಣ್ಣಿತ್ತು. ಈ ಊರಿನವರು ಆವರೆಗೂ ಅದನ್ನು ಕಂಡವರಲ್ಲ. ವ್ಯಾಪಾರಿಗಳು ಹಣ್ಣು ಕೊಯ್ದಾಗ ವಾಸನೆಗೆ ಊರ ಮಕ್ಕಳೆಲ್ಲ ಹೋಗಿ ಮುತ್ತಿಕೊಂಡವು. ಪಾಲಯ್ಯನ ಪಾಲಿಗೆ ಮೂರು ತೊಳೆ ಸಿಕ್ಕಿತು. ಮೂರನ್ನೂ ತಿಂದು ಅವನು ಸಂಜೆಯ ತನಕ ಬೆರಳು ಚೀಪುತ್ತ ಕೂತನು. ಆಮೇಲೆ ಇನ್ನೂ ಬೇಕೆಂದು ರಚ್ಚೆ ಹಿಡಿದನು. ತಾಯಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಹುಡುಗ, ಆಗ ಅವನಿಗೆ ತಿಳಿವಳಿಕೆಯಿರಲಿಲ್ಲ. ಇಲ್ಲದ ಹಣ್ಣನ್ನು ಓಬಕ್ಕ ಎಲ್ಲಿಂದ ತಂದಾಳು? ಅವನು ಉಗಿದಿದ್ದ ಮೂರು ಬೀಜಗಳನ್ನು ಮಣ್ಣಿನಿಂದ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಹಲಸಿನ ಬೇರಿಗೆ ನೀರು ಬೇಕು, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ, ಇಳಿಜಾರಿನಲ್ಲಿ ನೆಡು ಎಂದು ವ್ಯಾಪಾರಿಗಳಲ್ಲಿ ಒಬ್ಬ ಮುದುಕ ಹೇಳಿದನು. ಅವಳಿಗಿದ್ದ ಇಳಿಜಾರು ಎಂದರೆ ದಿಣ್ಣೆಯೊಂದೇ. ಒಂದು ಬೀಜವನ್ನು ಇಲಿ ತಿಂದಿತು, ಇನ್ನೊಂದು ಕೊಳೆಯಿತು, ಮೂರನೆಯದು ಮೊಳೆಯಿತು.

ಆ ಸೀಮೆಯಲ್ಲಿ ಆಗ ಒಂದು ಪದ್ಧತಿಯಿತ್ತು. ಹಣ್ಣಿನ ಗಿಡವನ್ನು ಮನೆಯ ಒಂದು ಮಗುವಿನ ಹೆಸರಿನಲ್ಲಿ ನೆಡುತ್ತಿದ್ದರು. ಮರ ಫಲ ಹಿಡಿದಾಗ ಮೊದಲ ತುತ್ತು ಆ ಹೆಸರಿನವರ ಬಾಯಿಗೆ ಬೀಳಬೇಕು. ಅಲ್ಲಿಯವರೆಗೆ ಬೇರೆ ಯಾರೂ ತಿನ್ನುವಂತಿಲ್ಲ. ಹಾಗೆಯೇ, ಅಲ್ಲಿಯವರೆಗೆ ಹೆಸರಿನವರು ಆ ಗಿಡಕ್ಕೆ ಒಂದು ಬೊಗಸೆ ನೀರನ್ನೂ ಹಾಕುವಂತಿಲ್ಲ. ನೀರು ಇನ್ನೊಬ್ಬರ ಕೈಯಿಂದಲೇ ಬರಬೇಕು, ಆಗಲೇ ಅದು ಕೊಟ್ಟ ಹಣ್ಣಾಗುತ್ತದೆ ಎಂದು ಹಿರಿಯರ ನಂಬಿಕೆ. ಹೀಗೆ ಪಾಲಯ್ಯನ ಹೆಸರಿನ ಗಿಡಕ್ಕೆ ನೀರು ಹೊರುವ ಕೆಲಸ ಓಬಕ್ಕನ ತಲೆಗೆ ಬಂತು. ಮೊದಲ ವರ್ಷ ಬುಡದ ಪಕ್ಕದಲ್ಲಿ ಒಂದು ಮಡಕೆ ಹೂತು, ಅದರ ತಳದ ತೂತಿಗೆ ಹಳೆಬಟ್ಟೆಯ ಬತ್ತಿ ಸಿಕ್ಕಿಸಿ, ನೀರು ತೊಟ್ಟುತೊಟ್ಟಾಗಿ ಇಳಿಯುವಂತೆ ಮಾಡಿದಳು. ಗಿಡ ಬೆಳೆದಂತೆ ಮಡಕೆ ಸಾಲದಾಯಿತು. ಬೆಳಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ಹೊತ್ತಳು. ನಡುದಾರಿಯ ಬಂಡೆಯ ಮೇಲೆ ಕೊಡ ಇಳಿಸಿ, ಉಸಿರು ತೆಗೆದುಕೊಂಡು, ಸಿಂಬಿ ಸರಿಮಾಡಿಕೊಂಡು ಮತ್ತೆ ಎತ್ತಿಕೊಳ್ಳುತ್ತಿದ್ದಳು. ಬಂಡೆಯ ಮೇಲಿನ ಗುಳಿ ಆಗ ಬಿದ್ದದ್ದೇ ಎನ್ನುತ್ತಾರೆ. ಅಷ್ಟು ವರ್ಷಕ್ಕೆ ಕಲ್ಲು ಸವೆಯುತ್ತದೆಯೇ ಎಂದು ಕೇಳುವ ಜಾಣರು ಇದ್ದೇ ಇದ್ದಾರೆ. ಅಂಥವರಿಗೆ ಊರವರು ಒಂದು ತುಂಬಿದ ಕೊಡ ಕೊಟ್ಟು, ಹತ್ತಿ ಬನ್ನಿ ಆಮೇಲೆ ಮಾತಾಡೋಣ ಎನ್ನುತ್ತಾರೆ.

ಗಿಡ ಮೊಣಕಾಲೆತ್ತರ ಇದ್ದಾಗ ಅವಳಿಗೆ ಒಂದು ಸಂಬಂಧ ಬಂತು, ಎದೆಯೆತ್ತರ ಆದಾಗ ಇನ್ನೊಂದು ಬಂತು. ಎರಡನ್ನೂ ಅವಳು ನಗುನಗುತ್ತಲೇ ಕಳಿಸಿದಳು. ಮೂರನೆಯದು ಒಳ್ಳೆಯ ಮನೆತನ, ಗಂಡೂ ಗುಣವಂತ. ಬೊಮ್ಮಣ್ಣನೇ ಬಂದು ಕೂತು ಗಟ್ಟಿಸಿ ಕೇಳಿದನು. “ಹೋದ್ರೆ ಈ ಕೊಡ ಯಾರ ತಲೆ ಮ್ಯಾಲೆ ಇಟ್ಟು ಹೋಗ್ಲಿ ಮಾವ?” ಎಂದಳು. ಬೊಮ್ಮಣ್ಣ ಎದ್ದುಹೋದನು. ಆಮೇಲೆ ಯಾರೂ ಬರಲಿಲ್ಲ. ಮರ ಮನೆಯೆತ್ತರವಾಯಿತು, ತಮ್ಮ ಅಕ್ಕನಿಗಿಂತ ಗೇಣು ಎತ್ತರವಾದನು, ಅವಳು ಮಾತ್ರ ವರ್ಷದಿಂದ ವರ್ಷಕ್ಕೆ ಒಂದಿಷ್ಟು ಕುಗ್ಗಿದಳು. ಕತ್ತು ಒಂದು ಕಡೆಗೆ ವಾಲಿಕೊಂಡಿತು. ಸಿಂಬಿ ಕೂರುವ ಕಡೆ ನೆತ್ತಿಯ ಕೂದಲು ಸವೆದು ಬೋಳಾಯಿತು. ಪಾಲಯ್ಯ ಜಗಲಿಯಲ್ಲಿ ಕೂತು ಅವಳು ಹತ್ತುವುದನ್ನು ನೋಡುತ್ತಿದ್ದನು. ತನ್ನ ಹೆಸರಿನ ಗಿಡ; ತಾನು ಕೊಡ ಮುಟ್ಟುವಂತಿಲ್ಲ. ಮೈಯಲ್ಲಿ ಕಸುವಿದ್ದೂ ಕೈಕಟ್ಟಿ ಕೂರಬೇಕಾದ ಸಂಕಟ ಅವನನ್ನು ದಿನಾ ತಿನ್ನುತ್ತಿತ್ತು. “ದೊಡ್ಡ ಮರಕ್ಕೆ ನೀರು ಯಾತಕ್ಕಕ್ಕ? ಇದು ಗೊಡ್ಡು ಮರ ಅಂತ ಊರೇ ಅಂತೈತೆ, ಸಾಕು ಮಾಡು” ಎಂದು ಎಷ್ಟೋ ಸಲ ಬೇಡಿಕೊಂಡನು. “ಎಲೆ ಬಾಡ್ಯಾವೆ ನೋಡೋ” ಎಂದು ಅವಳು ಸೆರಗು ಸಿಕ್ಕಿಸಿ ಹೊರಟುಬಿಡುತ್ತಿದ್ದಳು.

ಪಾಲಯ್ಯನಿಗೆ ಇಪ್ಪತ್ತು ತುಂಬಿದಾಗ ಕಾಶಿಗೆ ಹೊರಟ ಹನ್ನೊಂದು ಜನರ ತಂಡ ಊರ ಮೇಲೆ ಹಾದುಹೋಯಿತು. ಅಪ್ಪನ ಹರಕೆ ತೀರಿಸಲು ಅವನೂ ಅವರ ಜೊತೆಯಾದನು. ಹೋಗುವಾಗ ಓಬಕ್ಕ ಹುರಿಹಿಟ್ಟಿನ ಗಂಟು ಕಟ್ಟಿಕೊಟ್ಟಳು. ಅಳಲಿಲ್ಲ, ಅಳುವುದಕ್ಕೆ ಕೆರೆಯಿಂದ ದಿಣ್ಣೆಯ ತನಕ ದಾರಿಯಿದೆ ಎಂದುಕೊಂಡಿದ್ದಳೋ ಏನೋ. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಹಣ್ಣನ್ನು ಗಂಗೆಯಲ್ಲಿ ನಿಂತು ಬಿಟ್ಟುಬರಬೇಕು, ಮತ್ತೆ ಬದುಕಿರುವವರೆಗೆ ಅದನ್ನು ಬಾಯಿಗಿಡಬಾರದು ಎಂಬ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಅದರಲ್ಲೂ ಉಪಾಯಗಾರರು ಇರುತ್ತಾರೆ. ತಂಡದಲ್ಲಿ ಒಬ್ಬನು ತಿಂದರೆ ಹೊಟ್ಟೆ ಕೆಡುವ ಹಣ್ಣನ್ನೇ ಬಿಟ್ಟನಂತೆ, ಇನ್ನೊಬ್ಬನು ಕಣ್ಣಿಂದಲೂ ಕಂಡಿರದ ಯಾವುದೋ ಹಣ್ಣಿನ ಹೆಸರು ಹೇಳಿ ಮುಳುಗು ಹಾಕಿದನಂತೆ. ಪಾಲಯ್ಯ ಎದೆಮಟ್ಟದ ನೀರಿನಲ್ಲಿ ಬೊಗಸೆ ತುಂಬಿಕೊಂಡು ನಿಂತನು. ಅವನ ಕಣ್ಣಿಗೆ ಅಕ್ಕನ ಬೋಳು ನೆತ್ತಿ ಕಟ್ಟಿತು. ನಾನು ಹಲಸು ತಿನ್ನುವುದಿಲ್ಲ ಎಂದಾದರೆ ಇವಳು ಯಾರಿಗಾಗಿ ನೀರು ಹೊರುತ್ತಾಳೆ? ಕೊಡ ತಾನಾಗಿ ಇಳಿಯುತ್ತದೆ. ಹೀಗೆ ಎಣಿಸಿ, ಮೂರು ಸಲ ಹಲಸು ಎಂದು ಹೇಳಿ ಬೊಗಸೆಯ ನೀರನ್ನು ಗಂಗೆಗೆ ಸುರಿದನು. ಅಕ್ಕನಿಗೆ ಕಾಶಿಯಿಂದ ಇದಕ್ಕಿಂತ ದೊಡ್ಡ ಉಡುಗೊರೆ ಏನಿದೆ ಎಂದು ಅವನಿಗೆ ಅನ್ನಿಸಿತ್ತು. ಹಿಂತಿರುಗುವ ದಾರಿಯುದ್ದಕ್ಕೂ ಆ ಹುಡುಗ ಹಾಡಿಕೊಂಡೇ ನಡೆದನು ಎನ್ನುತ್ತಾರೆ.

ಅವನು ಹೋಗಿ ಎರಡನೆಯ ವರ್ಷದ ಮಾಘದಲ್ಲಿ ಮರದ ಬುಡದಿಂದ ಮೂರು ಗೇಣು ಮೇಲೆ ಒಂದು ಮಿಡಿ ಕಚ್ಚಿತು. ಹದಿನೈದು ವರ್ಷಕ್ಕೆ ಒಂದೇ ಒಂದು. ಓಬಕ್ಕ ಕೊಡವನ್ನು ಅಲ್ಲೇ ಕುಕ್ಕಿ, ಮಿಡಿಯ ಮುಂದೆ ಕೂತು, ಅದರೊಡನೆ ಮಾತಾಡಿದಳಂತೆ. ಮಂಗಗಳ ಕಾಟಕ್ಕೆ ಸುತ್ತಲೂ ಕಾರೆಮುಳ್ಳು ಕಟ್ಟಿದಳು, ಬಿಸಿಲಿಗೆ ಗೋಣಿ ಹೊದಿಸಿದಳು. ಹೊಟ್ಟೆಯಲ್ಲಿ ಕೂಸಿರುವ ಸೊಸೆಯನ್ನು ನೋಡಿಕೊಳ್ಳುವಂತೆ ನೋಡಿಕೊಂಡಳು ಎಂದು ಊರ ಹೆಂಗಸರು ಈಗಲೂ ಹೇಳುತ್ತಾರೆ. ಕಾಯಿ ದಿನದಿನಕ್ಕೆ ತೂಗತೊಡಗಿತು. ಅವಳಿಗೆ ಇದ್ದ ಭಯ ಒಂದೇ: ತಮ್ಮ ಬರುವುದಕ್ಕೆ ಮುಂಚೆ ಹಣ್ಣಾಗಿಬಿಟ್ಟರೆ? ಹೆಸರಿನವನು ಇಲ್ಲದೆ ಮೊದಲ ಹಣ್ಣು ಕೊಳೆತರೆ ಅದಕ್ಕಿಂತ ಅಪಶಕುನ ಇನ್ನೊಂದಿಲ್ಲ. ದಿನಾ ಬೆಳಗ್ಗೆ ಕಾಯಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದಳು. ಆಮೇಲೆ ಬಂಡೆಯ ಬಳಿ ಬಂದು, ಬಡಗಣ ದಾರಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತಿದ್ದಳು.

ಕಾರಹುಣ್ಣಿಮೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ ಹಣ್ಣು ಘಮ್ಮೆಂದಿತು. ಅದೇ ದಿನ ಏರುಹೊತ್ತಿಗೆ ಪಾಲಯ್ಯ ಬಂದನು. ಮನೆಗೂ ಹೋಗದೆ ದಿಣ್ಣೆಯ ಕಡೆಗೇ ಓಡಿಬಂದವನಿಗೆ, ಬಂಡೆಯಿಂದ ಕೊಡ ಎತ್ತಿಕೊಳ್ಳುತ್ತಿದ್ದ ಅಕ್ಕ ಕಂಡಳು. “ಇಳಿಸಕ್ಕ ಕೊಡಾನ! ಇನ್ನು ಹೊರಬ್ಯಾಡ, ಮುಗೀತು!” ಎಂದು ಕೆಳಗಿನಿಂದಲೇ ಕೂಗಿದನು. ಅವಳು ಕೊಡ ಇಳಿಸಿ, ಅವನ ಕೆನ್ನೆ ಸವರಿ ನೆಟಿಕೆ ಮುರಿದಳು. ಏನನ್ನೂ ಹೇಳಲು ಬಿಡದೆ ಕೈಹಿಡಿದು ಮೇಲಕ್ಕೆ ಎಳೆದುಕೊಂಡು ಹೋದಳು. ಮುಳ್ಳು ಸರಿಸಿ, ಗೋಣಿ ತೆಗೆದು ತೋರಿಸಿದಳು. ಪಾಲಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡನು. ಅಕ್ಕ ಅದನ್ನು ಸಂತೋಷವೆಂದುಕೊಂಡಳು. ಅಷ್ಟರಲ್ಲಿ ಸುದ್ದಿ ಹರಡಿ ಅರ್ಧ ಊರೇ ಮರದ ಬುಡಕ್ಕೆ ಬಂದಿತ್ತು. ಓಬಕ್ಕ ಕೈಗೆ ಹರಳೆಣ್ಣೆ ಸವರಿಕೊಂಡು ಹಣ್ಣು ಕೊಯ್ದಳು. ಹೊನ್ನಿನ ಬಣ್ಣದ ತೊಳೆಗಳು. ಮೊದಲನೆಯದನ್ನು ಬಿಡಿಸಿ, ಬೀಜ ತೆಗೆದು, ಏಳು ವರ್ಷದ ಕೂಸಿಗೆ ಹಿಡಿದಂತೆ ಅವನ ಬಾಯಿಯ ಹತ್ತಿರ ಹಿಡಿದಳು.

ಅವನು ಬಾಯಿ ತೆರೆಯಲಿಲ್ಲ. “ತಗಾ ಮಗ” ಎಂದಳು. ಅವನು ನೆಲಕ್ಕೆ ಬಾಗಿ, ಅವಳ ಕಾಲು ಹಿಡಿದುಕೊಂಡು ಹೇಳಿದನು: “ಗಂಗೇಲಿ ಇದನ್ನೇ ಬಿಟ್ಟುಬಂದೀನಕ್ಕ. ನಿನ್ನ ತಲೆ ಮ್ಯಾಲಿನ ಕೊಡ ಇಳೀಲಿ ಅಂತ ಬಿಟ್ಟೆ.” ಓಬಕ್ಕ ಕೈಯಲ್ಲಿದ್ದ ತೊಳೆಯನ್ನು ನೋಡಿದಳು, ತಮ್ಮನ ತಲೆಯನ್ನು ನೋಡಿದಳು. “ನನ್ನ ಒಂದ್ಮಾತು ಕೇಳಬಾರದಿತ್ತೇನೋ?” ಎಂದಳು. ಹಿಡಿದ ಕೈಯನ್ನು ಇಳಿಸಿ, “ಕೊಡ ಭಾರ ಅಂತ ನಾನು ಯಾವತ್ತು ಅಂದಿದ್ದೆ?” ಎಂದಳು. ಹೌದು, ಅವಳು ಯಾವತ್ತೂ ಅಂದಿರಲಿಲ್ಲ.

ತಿಂದುಬಿಡು, ಗಂಗೆಗೆ ತಪ್ಪುಕಾಣಿಕೆ ಕಟ್ಟಿದರಾಯಿತು ಎಂದು ಒಬ್ಬಿಬ್ಬರು ಪಿಸುಗುಟ್ಟಿದರು. ಅದನ್ನು ಒಪ್ಪದವಳು ಓಬಕ್ಕನೇ. ಅಪ್ಪನ ಒಂದು ಮಾತು ತೀರಿಸಲು ಹೋದವನು ತನ್ನ ಮಾತು ಮುರಿದು ಬಾಳಬಾರದು ಎಂದಳು. ಹೆಸರಿನವನು ತನ್ನ ಪಾಲನ್ನು ಗಂಗೆಗೆ ಕೊಟ್ಟಾಗಿದೆ, ಇನ್ನು ಇದು ಗಂಗೆಯ ಪ್ರಸಾದ, ಊರೆಲ್ಲ ತಿನ್ನಬಹುದು ಎಂದು ಬೊಮ್ಮಣ್ಣ ತೀರ್ಪು ಕೊಟ್ಟನು. ಅವಳು ತನ್ನ ಕೈಯಾರೆ ಎಲ್ಲರಿಗೂ ಹಂಚಿದಳು. ಆ ಮೊದಲ ತೊಳೆಯನ್ನು ಪಕ್ಕದ ಮನೆಯ ಕೂಸಿನ ಬಾಯಿಗಿಟ್ಟಳು. ತಾನು ಮಾತ್ರ ತಿನ್ನಲಿಲ್ಲ. ಹಂಚಿ ಮುಗಿದ ಮೇಲೆ ಬಂಡೆಯವರೆಗೆ ಇಳಿದು, ಅಲ್ಲಿ ಬಿಟ್ಟುಬಂದಿದ್ದ ಕೊಡದ ನೀರಿನಲ್ಲಿ ಕೈ ತೊಳೆದು, ಖಾಲಿಯಾದ ಕೊಡವನ್ನು ಗುಳಿಯಲ್ಲಿ ಇಟ್ಟು ಮನೆಗೆ ನಡೆದಳು. ಮತ್ತೆ ಆ ಕೊಡವನ್ನು ಅವಳು ಮುಟ್ಟಲಿಲ್ಲ. ಅಂದಿನಿಂದ ಇದು ಕೊಡವಿಳಿಸಿದ ದಿಣ್ಣೆ.

ಅವಳಿಗೆ ತಮ್ಮನ ಮೇಲೆ ಸಿಟ್ಟಿತ್ತೆಂದು ತಿಳಿಯಬಾರದು. ಮುಂದಿನ ವರ್ಷ ಅವನ ಮದುವೆಯನ್ನು ತಾನೇ ನಿಂತು ಮಾಡಿದಳು, ತಮ್ಮನ ಹೆಂಡತಿಯನ್ನು ಸೊಸೆಯೆಂದೇ ಕರೆದು, ಸೊಸೆ ಬಂದಳು ಎಂದು ಊರೆಲ್ಲ ಸಾರಿಕೊಂಡು ಬಂದಳು. ಆದರೆ ಹೊತ್ತು ಇಳಿಯುವಾಗ ಅವಳ ಕೈ ತಾನಾಗಿ ತಲೆಯ ಮೇಲೆ ಹೋಗಿ, ಇಲ್ಲದ ಸಿಂಬಿಯನ್ನು ಸರಿಮಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ಪಾಲಯ್ಯ ಮುಖ ತಿರುಗಿಸಿಕೊಳ್ಳುತ್ತಿದ್ದನು. ಇದಕ್ಕಿಂತ ಕಷ್ಟವಾದದ್ದು ಇನ್ನೊಂದು. ನೀರಿಲ್ಲದೆ ಮರ ಒಣಗಲಿಲ್ಲ. ಮದುವೆಯ ವರ್ಷ ಏಳು ಹಣ್ಣಾಯಿತು, ಅದರ ಮುಂದಿನ ವರ್ಷ ಇಪ್ಪತ್ತಕ್ಕೂ ಮಿಕ್ಕಿ ಆಯಿತು. ಬೇರು ಎಂದೋ ಕೆಳಗಿನ ತೇವವನ್ನು ಮುಟ್ಟಿತ್ತು. ಎಷ್ಟೋ ವರ್ಷಗಳಿಂದ ಅದಕ್ಕೆ ಅವಳ ಕೊಡದ ಹಂಗಿರಲಿಲ್ಲ. ಅದು ಅವಳಿಗೂ ಮೊದಲಿನಿಂದ ಗೊತ್ತಿತ್ತು ಎನ್ನುವವರಿದ್ದಾರೆ. ಗೊತ್ತಿದ್ದರೂ ಗೊತ್ತಿಲ್ಲದಂತೆ ಹೊರುವ ಸುಖವೊಂದಿತ್ತು, ಅದೂ ಹೋಯಿತು. ತಮ್ಮನಿಗೆ ಹೆಂಡತಿ ಬಂದಳು, ಮರ ತನ್ನ ಪಾಡಿಗೆ ತಾನು ನಿಂತಿತು, ಅವಳ ಕೈ ಖಾಲಿಯಾಯಿತು. ಅವಳ ದುಃಖವೇನೆಂದು ಕೇಳುವಷ್ಟು ಬುದ್ಧಿ ಆಗ ಯಾರಿಗೂ ಬರಲಿಲ್ಲ. ಪ್ರತಿ ವರ್ಷ ಹಣ್ಣಿನ ಕಾಲದಲ್ಲಿ ಸೊಸೆ ಒಂದು ತೊಳೆ ಕೊಡಲು ಬಂದರೆ, “ಇರ್ಲಿ ಬುಡವ್ವ, ಆಮ್ಯಾಲೆ ತಿಂತೀನಿ” ಎನ್ನುತ್ತಿದ್ದಳು. ಮೂರನೆಯ ಬೇಸಿಗೆಯಲ್ಲಿ, ಹಲಸು ಹೇಗಿರುತ್ತದೆ ಎಂಬುದನ್ನು ನಾಲಿಗೆಯಲ್ಲಿ ಅರಿಯದೆಯೇ, ಓಬಕ್ಕ ತೀರಿಕೊಂಡಳು. ಮರದ ಬುಡದಿಂದ ನಾಲ್ಕು ಮಾರು ದೂರದಲ್ಲಿ ಅವಳನ್ನು ಮಣ್ಣು ಮಾಡಿದರು.

ಹನ್ನೊಂದನೆಯ ದಿನದ ಕೆಲಸ ಮುಗಿದ ಮಾರನೆಯ ಬೆಳಗ್ಗೆ ಪಾಲಯ್ಯ ಬಂಡೆಯ ಮೇಲಿನ ಕೊಡವನ್ನು ತೆಗೆದು ತಿಕ್ಕಿ, ಕೆರೆಯಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡನು. ಗಂಡಸು ತಲೆಯ ಮೇಲೆ ಕೊಡ ಹೊರುವುದನ್ನು ಕಂಡು ನಕ್ಕವರೂ ಇದ್ದರು. ನಡುದಾರಿಯಲ್ಲಿ ಅವನು ಕೊಡ ಇಳಿಸಿ ತಿರುಗಿ ನಿಂತನು. ಕೆಳಗೆ ಊರು, ಊರಿನ ಒಂದೊಂದು ಮನೆಯ ಹೊಗೆ, ಕೆರೆಯ ಹೊಳಪು, ಬಡಗಣ ದಾರಿ, ದಾರಿಯ ಮೇಲೆ ಬರುವ ಹೋಗುವ ಮಂದಿ. ಮೂಡಣ ಗಾಳಿ ಬೆವರಿನ ಮೇಲೆ ಬೀಸಿ ಮೈ ಹಗುರವಾಯಿತು. ಕೆರೆಗೆ ಹೊರಟ ಹೆಂಗಸೊಬ್ಬಳು ಕೆಳಗಿನಿಂದ ಕೂಗಿ ಮಾತಾಡಿಸಿದಳು. ತಾನು ಜಗಲಿಯಲ್ಲಿ ಕೂತು ಸಂಕಟಪಡುತ್ತಿದ್ದ ಅಷ್ಟೂ ವರ್ಷ ಅಕ್ಕ ದಿನಕ್ಕೆ ನಾಲ್ಕು ಸಲ ಇಲ್ಲಿ ನಿಂತಿದ್ದಳು. ಮನೆಯ ಕೆಲಸ, ಹೊಲದ ಕೆಲಸ, ಹೆತ್ತವರಿಲ್ಲದ ಬಾಳು, ಇವುಗಳ ನಡುವೆ ಅವಳದೇ ಆದ ಜಾಗ ಇದೊಂದೇ ಇತ್ತು. ತಾನು ಇಳಿಸಿದ್ದು ಏನನ್ನು ಎಂಬುದು ಪಾಲಯ್ಯನಿಗೆ ಆಗ ತಿಳಿಯಿತು. ಅವನು ಬಂಡೆಯ ಮೇಲೆ ತಲೆಯಿಟ್ಟು ಅತ್ತನು. ಅತ್ತು ಮುಗಿದ ಮೇಲೆ ಕೊಡವನ್ನು ಎತ್ತಿಕೊಂಡು ಹತ್ತಿದನು. ತಿನ್ನದ ಹಣ್ಣಿನ ಮರಕ್ಕೆ, ಬೇಡದ ನೀರನ್ನು, ಅವನು ಬದುಕಿರುವವರೆಗೂ ಹೊತ್ತನು.

ಮುಂದಿನ ಕಾರಹುಣ್ಣಿಮೆಯ ಹೊತ್ತಿಗೆ ಮರದ ಕೊಂಬೆಯಲ್ಲಾಗಲಿ ಕಾಂಡದಲ್ಲಾಗಲಿ ಒಂದು ಕಾಯಿಯೂ ಇರಲಿಲ್ಲ. ಆದರೆ ಒಂದು ಬೆಳಗ್ಗೆ ದಿಣ್ಣೆಯೆಲ್ಲ ಹಲಸಿನ ವಾಸನೆ ಹರಡಿತು. ಹುಡುಕಿದರೆ ಓಬಕ್ಕನ ಗೋರಿಯ ಪಕ್ಕದಲ್ಲಿ ನೆಲ ಬಿರಿದಿತ್ತು. ಮಣ್ಣು ತೋಡಿದಾಗ, ಬೇರಿಗೆ ಕಚ್ಚಿಕೊಂಡು ನೆಲದೊಳಗೇ ಹಣ್ಣಾಗಿದ್ದ ಒಂದು ದೊಡ್ಡ ಹಲಸು. ಇದು ಮರದ್ದಲ್ಲ ನೆಲದ್ದು, ನಿನ್ನ ಅಕ್ಕನೇ ಕೊಟ್ಟದ್ದು, ಇದಕ್ಕೆ ಗಂಗೆಯ ಮಾತು ತಗಲುವುದಿಲ್ಲ, ತಿನ್ನು ಎಂದು ಮುಪ್ಪಿನ ಬೊಮ್ಮಣ್ಣ ಕಣ್ಣೀರು ಹಾಕಿಕೊಂಡು ಹೇಳಿದನು. ಪಾಲಯ್ಯ ಹರಳೆಣ್ಣೆ ಸವರಿಕೊಂಡು ಕೊಯ್ದನು. ಮೊದಲ ತೊಳೆಯನ್ನು ಬಿಡಿಸಿ, ಬೀಜ ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದುಹೋಗಿ, ಬಂಡೆಯ ಗುಳಿಯಲ್ಲಿ ಇಟ್ಟನು. “ನೀನು ತಿನ್ನಕ್ಕ” ಎಂದನು. ಉಳಿದದ್ದನ್ನು ಊರಿಗೆ ಹಂಚಿ ಕೈ ತೊಳೆದುಕೊಂಡನು.

ಈಗಲೂ ಆ ಮರದಲ್ಲಿ ಹಣ್ಣು ಬೇರಿನಲ್ಲೇ ಆಗುವುದು. ಎಲ್ಲಿ ನೆಲ ಬಿರಿಯುತ್ತದೆ ಎಂದು ಯಾರಿಗೂ ಮುಂಚೆ ತಿಳಿಯುವುದಿಲ್ಲ. ಮೊದಲ ತೊಳೆ ಬಂಡೆಗೆ ಹೋಗುತ್ತದೆ, ಗುಬ್ಬಿ ಅಳಿಲುಗಳು ತಿನ್ನುತ್ತವೆ. ದಿಣ್ಣೆಗೆ ಬರುವ ಹೆಂಗಸರು ಕೆರೆಯಿಂದ ಒಂದು ಕೊಡ ನೀರು ಹೊತ್ತು ಹತ್ತುತ್ತಾರೆ. ನಡುದಾರಿಯಲ್ಲಿ ಅಣ್ಣನೋ ತಮ್ಮನೋ ಗಂಡನೋ ಕಾದು ನಿಂತಿರುತ್ತಾನೆ. ಬೇರೆ ಊರುಗಳಲ್ಲಿ ಆದರೆ ಗಂಡಸು ಮುಂದೆ ಬಂದು ಕೊಡಕ್ಕೆ ಕೈ ಹಾಕಿ ಇಳಿಸಿಬಿಡುತ್ತಾನೆ. ಸೂಜಿಕಲ್ಲಹಟ್ಟಿಯವರು ಹಾಗೆ ಮಾಡುವುದಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, “ಇಳಿಸಲೇನವ್ವ?” ಎಂದು ಕೇಳಿ, ಉತ್ತರ ಬರುವ ತನಕ ನಿಲ್ಲುತ್ತಾರೆ. ಹೆಚ್ಚಿನವರು ಹೂಂ ಎನ್ನುತ್ತಾರೆ. ಒಬ್ಬೊಬ್ಬರು ಮಾತ್ರ ಕೆಳಗಿನ ಊರನ್ನು ನೋಡುತ್ತ, ಇನ್ನೊಂದಿಷ್ಟು ಹೊತ್ತು ಇರಲಿ ಎನ್ನುತ್ತಾರೆ.